ಉಜ್ಜಬಾರದ ತುಕ್ಕು

ಕುಡುಗೋಲಿಗೆ ತುಕ್ಕು ಹಿಡಿದರೆ ಸೀಮೆಎಣ್ಣೆ ಸವರಿ, ಉಪ್ಪುಕಾಗದದಿಂದ ತಿಕ್ಕಿ ಮತ್ತೆ ಕೆಲಸಕ್ಕೆ ಹಚ್ಚುವುದು ವಾಡಿಕೆ. ಹಳೆಯ ರಿವಾಲ್ವರ್ ಸಿಕ್ಕವರಿಗೂ ಮೊದಲು ಹೊಳೆಯುವುದು ಇದೇ. ಆದರೆ 2019ರ ಜೂನ್ 19ರಂದು ಪ್ಯಾರಿಸ್ಸಿನಲ್ಲಿ ಹರಾಜಾದ ರಿವಾಲ್ವರೊಂದನ್ನು ಯಾರೂ ಹೀಗೆ ಬೆಳಗಿರಲಿಲ್ಲ. ಹಿಡಿಯ ಮರ ಕೊಳೆತುಹೋಗಿತ್ತು, ಮೈಯೆಲ್ಲ ತುಕ್ಕಿನ ಹೊಪ್ಪಳಿಕೆ. ಬಂದ ಬೆಲೆ ಮಾತ್ರ 1,62,500 ಯೂರೋ!

ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ 1890ರ ಜುಲೈ 27ರಂದು ಫ್ರಾನ್ಸಿನ ಓವೆರ್ ಗ್ರಾಮದಲ್ಲಿ ಗುಂಡೇಟು ತಿಂದ. ಹೇಗೋ ನಡೆದುಕೊಂಡು ತಾನಿದ್ದ ವಸತಿಗೃಹಕ್ಕೆ ಮರಳಿದ. 29ರಂದು ತಮ್ಮ ಥಿಯೋನ ಎದುರಿನಲ್ಲೇ ಕೊನೆಯುಸಿರೆಳೆದ. ವಯಸ್ಸು 37. ರಿವಾಲ್ವರ್ ವಸತಿಗೃಹದ ಮಾಲೀಕ ರವೂ ಎಂಬಾತನದೆಂದು ಅವನ ಮಗಳು ಎಷ್ಟೋ ವರ್ಷಗಳ ನಂತರ ಹೇಳಿದಳು. ಅದು ಮಾತ್ರ ಆಗ ಸಿಗಲಿಲ್ಲ. 1960ರ ದಶಕದಲ್ಲಿ ರೈತನೊಬ್ಬನಿಗೆ ಅಲ್ಲಿಯ ಹೊಲದ ಮಣ್ಣಿನಲ್ಲಿ ಒಂದು ಲೆಫೋಷೋ ರಿವಾಲ್ವರ್ ದೊರೆಯಿತು.

ಇದು 7 ಮಿಲಿಮೀಟರ್ ಗುಂಡಿನ, ಜೇಬಿಗೆ ಹಿಡಿಸುವ ಅಸ್ತ್ರ. ಇದರ ತೋಟಾದ ಪಕ್ಕಕ್ಕೆ ಒಂದು ಸಣ್ಣ ಮೊಳೆ ಚಾಚಿಕೊಂಡಿರುತ್ತದೆ. ಕುದುರೆ ಎಳೆದರೆ ಪುಟ್ಟ ಸುತ್ತಿಗೆ ಆ ಮೊಳೆಯನ್ನು ಬಡಿಯುತ್ತದೆ. ಮೊಳೆ ಒಳಗಿನ ಸಿಡಿಮದ್ದನ್ನು ಚುಚ್ಚಿ ಗುಂಡು ಹಾರಿಸುತ್ತದೆ. ಶಕ್ತಿ ಕಡಿಮೆ. ವ್ಯಾನ್ ಗೋನ ದೇಹದಿಂದ ಗುಂಡು ಹೊರಬರದೇ ಉಳಿದದ್ದಕ್ಕೆ ಇದು ಹೊಂದುತ್ತದೆ.

ಆದರೂ ಅಂಥ ರಿವಾಲ್ವರುಗಳು ಆಗ ಬೇಕಾದಷ್ಟಿದ್ದವು. ಇದೇ ಅದೆಂದು ಹೇಳುವ ಬಗೆ ಹೇಗೆ? ಇಲ್ಲಿಯೇ ತುಕ್ಕಿನ ಮಾತು ಬರುವುದು. ಅಸ್ತ್ರ ಮಣ್ಣಿನಲ್ಲಿದ್ದ ಕಾಲ 1890ಕ್ಕೆ ತಾಳೆಯಾಗುತ್ತದೆಂದು ಪರೀಕ್ಷೆ ಮಾಡಿದವರು ಹೇಳಿದರು. ತುಕ್ಕು ಕಬ್ಬಿಣದ ಮೇಲೆ ಕುಳಿತ ಧೂಳಲ್ಲ, ಕಬ್ಬಿಣವೇ ಮಾರ್ಪಟ್ಟ ರೂಪ. ಉಜ್ಜಿದರೆ ಅದರೊಂದಿಗೆ ಅಸ್ತ್ರದ ಮೈ ಹೋಗುತ್ತದೆ. ಮೈಮೇಲಿನ ಅಚ್ಚು, ಗುರುತು, ಮಣ್ಣಿನ ಕುರುಹು ಎಲ್ಲವೂ ಹೋಗುತ್ತವೆ. ಯಾರೋ ಉತ್ಸಾಹಿ ಎಣ್ಣೆ ಹಾಕಿ ಬೆಳಗಿದ್ದರೆ ಪರೀಕ್ಷೆಗೆ ಉಳಿಯುತ್ತಿದ್ದುದೇನು? ತೇವ ತಾಗದಂತೆ ಕಾಯ್ದಿಟ್ಟರೆ ಅಷ್ಟು ಸಾಕು. 2016ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ವಸ್ತುಸಂಗ್ರಹಾಲಯವೂ ಅದನ್ನು ತುಕ್ಕಿನ ಸಮೇತವೇ ಪ್ರದರ್ಶನಕ್ಕಿಟ್ಟಿತ್ತು.

ತಕರಾರು ಮುಗಿದಿಲ್ಲ. ಈ ನಂಟಿಗೆ ಆಧಾರವಿಲ್ಲವೆಂದು ವ್ಯಾನ್ ಗೋ ಹೆಸರಿನ ಫ್ರಾನ್ಸಿನ ಸಂಸ್ಥೆಯೊಂದು ಹರಾಜನ್ನೇ ಆಕ್ಷೇಪಿಸಿತು. ಗುಂಡು ಹಾರಿಸಿದ್ದು ಊರಿನ ಹುಡುಗರಿರಬಹುದೆಂದು 2011ರಲ್ಲಿ ಇಬ್ಬರು ಜೀವನಚರಿತ್ರೆಕಾರರು ವಾದಿಸಿದರು. ಹೆಚ್ಚಿನ ವಿದ್ವಾಂಸರು ಒಪ್ಪಿಲ್ಲ. ತುಕ್ಕು ಕಾಲವನ್ನು ಹೇಳೀತು, ಕುದುರೆ ಎಳೆದ ಬೆರಳನ್ನಲ್ಲ. ಕೊಂಡವರು ತಮ್ಮ ಹೆಸರನ್ನು ಹೊರಗೆಡವಲಿಲ್ಲ.