ಕಂಠಿಯವರು ಬಿಟ್ಟುಕೊಟ್ಟ ಕುರ್ಚಿ

ಮುಖ್ಯಮಂತ್ರಿ ಬದಲಾಗ್ತಾರಂತೆ ಅನ್ನೋ ಸುದ್ದಿ ಬಂದಾಗಲೆಲ್ಲ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಒಂದೇ ಚರ್ಚೆ. "ಮುಂದೆ ಯಾರು?" ಜಾತಿ ಲೆಕ್ಕ, ಶಾಸಕರ ಲೆಕ್ಕ, ದೆಹಲಿಯ ಲೆಕ್ಕ.. ಎಲ್ಲ ಆಗುತ್ತದೆ. ನನಗೆ ಮಾತ್ರ ಆಗ ನೆನಪಾಗುವುದು ಎಸ್.ಆರ್.ಕಂಠಿ. ಯಾರು ಅಂತ ಕೇಳಿದಿರಾ? ಕ್ವಿಜ್ ಅಭ್ಯಾಸ ಇರುವವರನ್ನು ಬಿಟ್ಟರೆ ನಮ್ಮ ವಯಸ್ಸಿನವರಿಗೆ ಈ ಹೆಸರು ಗೊತ್ತಿರುವುದು ಕಡಿಮೆಯೇ.

ಕಥೆ 1962ರದ್ದು. ಎಸ್.ನಿಜಲಿಂಗಪ್ಪನವರು 1956ರಲ್ಲಿ ಏಕೀಕೃತ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಆಗಿದ್ದವರು. 1958ರಲ್ಲಿ ಆ ಜಾಗ ಬಿ.ಡಿ.ಜತ್ತಿಯವರಿಗೆ ಹೋಗಿತ್ತು. 1962ರ ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದಿತು, ಆದರೆ ನಿಜಲಿಂಗಪ್ಪನವರೇ ಹೊಸದುರ್ಗದಲ್ಲಿ ಸೋತುಬಿಟ್ಟರು! ಆಗ ಮುಖ್ಯಮಂತ್ರಿ ಆದವರು ಹುನಗುಂದದ ಕಂಠಿಯವರು. ಅಲ್ಲಿಯವರೆಗೆ ವಿಧಾನಸಭೆಯ ಸ್ಪೀಕರ್ ಆಗಿದ್ದವರು. ಮಾರ್ಚ್ 14ಕ್ಕೆ ಪ್ರಮಾಣವಚನ. ಅಷ್ಟರೊಳಗೆ ನಿಜಲಿಂಗಪ್ಪನವರಿಗೆ ಬಾಗಲಕೋಟೆಯಲ್ಲಿ ಜಾಗ ತೆರವಾಯಿತು, ಉಪಚುನಾವಣೆಯಲ್ಲಿ ಗೆದ್ದು ಬಂದರು. ಜೂನ್ ತಿಂಗಳಲ್ಲಿ ಕಂಠಿಯವರು ಕುರ್ಚಿ ಬಿಟ್ಟುಕೊಟ್ಟು, ಅದೇ ನಿಜಲಿಂಗಪ್ಪನವರ ಸಂಪುಟದಲ್ಲಿ ಶಿಕ್ಷಣ ಮಂತ್ರಿಯಾದರು. ಒಟ್ಟು ನೂರು ದಿನಕ್ಕೆ ಒಂದೆರಡು ಕಮ್ಮಿ.

ಹಿರಿಯರು ಇದಕ್ಕೆ ಭರತ ಮತ್ತು ಪಾದುಕೆಯ ಹೋಲಿಕೆ ಕೊಡುತ್ತಾರೆ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ ಕಂಠಿಯವರು ಒಂದು ಟೆಂಪ್ ವೇರಿಯಬಲ್. ಎರಡು ಬೆಲೆಗಳನ್ನು ಅದಲುಬದಲು ಮಾಡುವಾಗ ನಡುವೆ ಒಂದನ್ನು ಹಿಡಿದಿಟ್ಟುಕೊಳ್ಳುತ್ತೀವಲ್ಲ, ಅದು. ಕೆಲಸ ಮುಗಿದ ಮೇಲೆ ಅದರ ಹೆಸರು ಯಾರಿಗೂ ಬೇಡ.

ಹಾಗಂತ ಇದನ್ನು ಬರೀ ತ್ಯಾಗದ ಕಥೆ ಅಂತ ಓದುವುದಕ್ಕೂ ನನಗೆ ಮನಸ್ಸಿಲ್ಲ. ಹೊಸದುರ್ಗದ ಜನ "ಬೇಡ" ಅಂದವರನ್ನು ಪಕ್ಷ "ಬೇಕು" ಅಂದಿತು. ಶಾಸಕರೇ ಆರಿಸಿದ್ದ ಮುಖ್ಯಮಂತ್ರಿಯೊಬ್ಬರು, ಕೆಲಸದಲ್ಲಿ ತಪ್ಪಿದ್ದಕ್ಕಲ್ಲ, ಹಿರಿಯರು ವಾಪಸ್ ಬಂದರು ಅನ್ನುವುದಕ್ಕೆ ಇಳಿದರು. ವ್ಯಕ್ತಿಯಾಗಿ ಕಂಠಿ ದೊಡ್ಡವರು, ಅನುಮಾನವಿಲ್ಲ. ಆದರೆ ಅವರ ದೊಡ್ಡತನದಿಂದ ಹಿರಿಯರು ಒಂದು ತಪ್ಪು ಪಾಠ ಕಲಿತರೇನೋ ಅನ್ನಿಸುತ್ತದೆ: ನಾವು ಕೂರಿಸಿದವರು ನಾವು ಹೇಳಿದಾಗ ಏಳುತ್ತಾರೆ ಅಂತ.

ಇಲ್ಲಿಂದ ನಾಲ್ಕು ವರ್ಷ ಮುಂದೆ, ದೆಹಲಿಗೆ ಹೋಗೋಣ. 1966ರ ಜನವರಿ 11ಕ್ಕೆ ತಾಷ್ಕೆಂಟಿನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ತೀರಿಕೊಂಡರು. ಪ್ರಧಾನಿ ಯಾರಾಗಬೇಕು ಎಂದು ತೀರ್ಮಾನಿಸುವ ಶಕ್ತಿ ಆಗ ಇದ್ದದ್ದು ಕಾಮರಾಜ್ ಮತ್ತು ಸಂಗಡಿಗರ ಕೈಯಲ್ಲಿ. ಪತ್ರಿಕೆಗಳು ಈ ಗುಂಪನ್ನು 'ಸಿಂಡಿಕೇಟ್' ಎನ್ನುತ್ತಿದ್ದವು. ನಿಜಲಿಂಗಪ್ಪನವರೂ ಅದರಲ್ಲಿದ್ದರು. ಮೊರಾರ್ಜಿ ದೇಸಾಯಿ ಹಟದ ಮನುಷ್ಯ, ಹಿಡಿತಕ್ಕೆ ಸಿಗುವವರಲ್ಲ. ಇಂದಿರಾ ಗಾಂಧಿ ಹೇಳಿದಂತೆ ಕೇಳಿಯಾರು ಎಂಬ ಲೆಕ್ಕ. 355 - 169 ಮತಗಳಲ್ಲಿ ಇಂದಿರಾ ಗೆದ್ದರು.

ಆಮೇಲಾದದ್ದು ಗೊತ್ತೇ ಇದೆ. 1967ರ ಚುನಾವಣೆಯಲ್ಲಿ ಕಾಮರಾಜ್, ಅತುಲ್ಯ ಘೋಷ್ ಸೋತರು. ಎಸ್.ಕೆ.ಪಾಟೀಲರನ್ನು ಮುಂಬೈಯಲ್ಲಿ ಸೋಲಿಸಿದ್ದು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. 1968ರಲ್ಲಿ ನಿಜಲಿಂಗಪ್ಪನವರು ಪಕ್ಷದ ರಾಷ್ಟ್ರಾಧ್ಯಕ್ಷರಾಗಿ, ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಅವರ 'ಲವ-ಕುಶ' ಎಂದೇ ಹೆಸರಾಗಿದ್ದವರು ವೀರೇಂದ್ರ ಪಾಟೀಲ್ ಮತ್ತು ರಾಮಕೃಷ್ಣ ಹೆಗಡೆ. ಕುರ್ಚಿ ಪಾಟೀಲರಿಗೆ ಸಿಕ್ಕಿತು.

1969ರ ಜುಲೈನಲ್ಲಿ ನಮ್ಮ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ. (ಫಲಪುಷ್ಪ ಪ್ರದರ್ಶನಕ್ಕೆ ಕ್ಯೂ ನಿಲ್ಲುತ್ತೀವಲ್ಲ, ಅದೇ ಗಾಜಿನ ಮನೆ!) ಬೆಂಗಳೂರಿನಲ್ಲೇ ಹಿರಿಯರು ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಅಭ್ಯರ್ಥಿ ಎಂದು ತೀರ್ಮಾನಿಸಿದರು. ಇಂದಿರಾಗೆ ಅದು ಒಪ್ಪಿಗೆಯಿರಲಿಲ್ಲ. ವಾರದೊಳಗೆ ಮೊರಾರ್ಜಿಯವರಿಂದ ಹಣಕಾಸು ಖಾತೆ ಕಿತ್ತುಕೊಂಡರು. ಜುಲೈ 19ಕ್ಕೆ 14 ಬ್ಯಾಂಕುಗಳ ರಾಷ್ಟ್ರೀಕರಣ. ಆಗಸ್ಟಿನಲ್ಲಿ 'ಆತ್ಮಸಾಕ್ಷಿ'ಯ ಮತ, ವಿ.ವಿ.ಗಿರಿಯವರ ಗೆಲುವು. ನವೆಂಬರ್ 12ಕ್ಕೆ ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಬೇಕಾಗಿ ಬಂದದ್ದು ಅಧ್ಯಕ್ಷ ನಿಜಲಿಂಗಪ್ಪನವರ ಪಾಲಿಗೆ. ಆದರೆ ಹೊರಹಾಕಿದವರ ಮನೆಯೇ ಖಾಲಿಯಾಯಿತು. 1971ರಲ್ಲಿ ಈ ರಾಜ್ಯದ 27ಕ್ಕೆ 27 ಲೋಕಸಭಾ ಸ್ಥಾನಗಳೂ ಇಂದಿರಾ ಕಾಂಗ್ರೆಸ್ಸಿಗೆ. ಆ ಮಾರ್ಚ್‌ನಲ್ಲೇ ವೀರೇಂದ್ರ ಪಾಟೀಲರ ಸರ್ಕಾರ ಹೋಯಿತು.

1972ರಲ್ಲಿ ಮುಖ್ಯಮಂತ್ರಿಯಾದವರು ದೇವರಾಜ ಅರಸು. ನಿಜಲಿಂಗಪ್ಪನವರ ಸಂಪುಟದಲ್ಲಿ ಮಂತ್ರಿಯಾಗಿದ್ದರೂ 'ಲವ-ಕುಶ'ರ ಪಟ್ಟಿಯಲ್ಲಿ ಇರದಿದ್ದವರು. ಭೂಸುಧಾರಣೆ, ಹಾವನೂರು ಆಯೋಗ.. ರಾಜ್ಯದ ದಿಕ್ಕು ಬದಲಾದದ್ದು ಹಿರಿಯರು ಬೆರಳು ತೋರಿಸದ ಉತ್ತರಾಧಿಕಾರಿಯಿಂದ. ಮುಂದೆ ಅರಸರೂ ಇಂದಿರಾ ಜೊತೆ ಮುರಿದುಕೊಂಡರು. 1980ರಲ್ಲಿ ಆ ಜಾಗಕ್ಕೆ ಬಂದವರು ಅವರದೇ ಸಂಪುಟದಲ್ಲಿದ್ದ ಗುಂಡೂರಾವ್!

ಈ ಆಟ ನಿಂತಿಲ್ಲ. ಬಿಹಾರದಲ್ಲಿ ನಿತೀಶ್ ಕುಮಾರ್ 2014ರಲ್ಲಿ ಜೀತನ್ ರಾಂ ಮಾಂಝಿಯವರನ್ನು ಕೂರಿಸಿದರು, 2015ರಲ್ಲಿ ಎಬ್ಬಿಸುವಷ್ಟರಲ್ಲಿ ಸಾಕುಸಾಕಾಯಿತು. ಜಾರ್ಖಂಡದಲ್ಲಿ ಚಂಪಾಯಿ ಸೊರೇನ್ 2024ರ ಜುಲೈನಲ್ಲಿ ಕುರ್ಚಿ ವಾಪಸ್ ಕೊಟ್ಟರು, ಆಗಸ್ಟಿನಲ್ಲಿ ಪಕ್ಷವನ್ನೇ ಬಿಟ್ಟರು. ಕಂಠಿಯಂಥವರು ಅಪರೂಪ. ಅವರನ್ನು ನಂಬಿ ವ್ಯವಸ್ಥೆ ಕಟ್ಟಲಾಗದು.

ನನಗೆ ಅನ್ನಿಸುವುದಿಷ್ಟೇ. ಹಿರಿಯ ರಾಜಕಾರಣಿ ತನ್ನ ನಂತರ ಯಾರು ಅಂತ ಹುಡುಕುವಾಗ ಸಮರ್ಥರನ್ನು ಹುಡುಕುವುದು ಕಮ್ಮಿ, ತನಗೆ ತೊಂದರೆ ಕೊಡದವರನ್ನು ಹುಡುಕುವುದೇ ಜಾಸ್ತಿ. ಅದು ನಿವೃತ್ತಿಯಲ್ಲ, ರಜೆ. ನಿಜಲಿಂಗಪ್ಪನವರು ಕೊನೆಗೆ ಸಕ್ರಿಯ ರಾಜಕೀಯ ಬಿಟ್ಟು ಚಿತ್ರದುರ್ಗದಲ್ಲಿ ಸರಳವಾಗಿ ಬದುಕಿದರು, 2000ದ ಆಗಸ್ಟಿನಲ್ಲಿ, 97ರ ವಯಸ್ಸಿನಲ್ಲಿ ತೀರಿಕೊಂಡರು. ಹುಬ್ಬಳ್ಳಿ ಕಡೆ ಹೋಗುವ ಹೆದ್ದಾರಿಯಲ್ಲಿ, ಚಿತ್ರದುರ್ಗದ ಹತ್ತಿರ ಸೀಬಾರದಲ್ಲಿ ಅವರ ಸ್ಮಾರಕ ಇದೆ. ಕುರ್ಚಿ ಕೊಟ್ಟವರ ನೆನಪು ಮಾತ್ರ ಪಟ್ಟಿಯ ಒಂದು ಸಾಲಿನಲ್ಲಿ.

ಹುನಗುಂದ, ಬಾಗಲಕೋಟೆ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಮನೆಯ ಹಿರಿಯರನ್ನು ಕಂಠಿಯವರ ಬಗ್ಗೆ ಒಮ್ಮೆ ಕೇಳಿ ನೋಡಿ. ಕೇಳಿದ್ದನ್ನು ಬರೆಯಿರಿ, ಓದೋಕೆ ನಾನಿದ್ದೀನಿ.