ಹಳೆಯ ಡಾಸ್ ಸಾಫ್ಟ್‌ವೇರ್: ಬ್ಯಾಚ್ ಫೈಲ್‌ನ ಔಟ್‌ಪುಟ್ ಸಿಗುತ್ತಿಲ್ಲವೇ? ಹೀಗೆ ಪತ್ತೆ ಮಾಡಿ

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬೈಗಳಲ್ಲಿ ಹೋಟೆಲ್, ಅಂಗಡಿ ನಡೆಸುವ ಕನ್ನಡಿಗರ ಅಥವಾ ಅವರಿರುವ ಹೌಸಿಂಗ್ ಸೊಸೈಟಿಗಳ ಹಳೆಯ ಲೆಕ್ಕಪತ್ರ ಇನ್ನೂ ಡಾಸ್ ಸಾಫ್ಟ್‌ವೇರ್‌ನಲ್ಲೇ ಉಳಿದಿರಬಹುದು. 16 ಬಿಟ್‌ನ ಆ ಪ್ರೋಗ್ರಾಂಗಳು 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ಓಡುವುದಿಲ್ಲ. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಹೀಗಾಗಿ ಹಲವರು ಮೊರೆ ಹೋಗುವುದು 2002ರಿಂದ ಉಚಿತವಾಗಿ ಸಿಗುತ್ತಿರುವ ‘ಡಾಸ್‌ಬಾಕ್ಸ್’ ಎಮ್ಯುಲೇಟರ್‌ಗೆ. ಪ್ರೋಗ್ರಾಂ ತೆರೆಯುತ್ತದೆ, ಆದರೆ ಬ್ಯಾಚ್ ಫೈಲ್ ಓಡಿಸಿದರೆ ವರದಿ ಕಾಣುವುದಿಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಡೇಟಾ ಕಳೆದುಹೋಗಿರುವುದಿಲ್ಲ, ಔಟ್‌ಪುಟ್ ಬೇರೆ ಕಡೆ ಹೋಗಿರುತ್ತದೆ.

ಮೊದಲು ನಕಲು ಮಾಡಿ

ಇಡೀ ಹಳೆಯ ಫೋಲ್ಡರ್ ಅನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಪ್ರಯೋಗವೆಲ್ಲ ನಕಲಿನ ಮೇಲೆಯೇ ನಡೆಸಿ. ಬ್ಯಾಚ್ ಫೈಲ್‌ನಲ್ಲಿ ‘>’ ಚಿಹ್ನೆ ಅದೇ ಹೆಸರಿನ ಹಳೆಯ ಫೈಲ್ ಅನ್ನು ಅಳಿಸಿ ಹೊಸದಾಗಿ ಬರೆಯುತ್ತದೆ. ‘>>’ ಹಾಕಿದರೆ ಹಳೆಯದರ ಕೊನೆಗೆ ಸೇರಿಸುತ್ತದೆ. ಕಂಪ್ಯೂಟರ್‌ನ ಇಡೀ ಸಿ ಡ್ರೈವ್ ಅನ್ನು ಮೌಂಟ್ ಮಾಡಬೇಡಿ, ನಕಲು ಇರುವ ಫೋಲ್ಡರ್ ಸಾಕು.

ಔಟ್‌ಪುಟ್ ಎಲ್ಲಿ ತಪ್ಪುತ್ತದೆ?

* ಝಡ್ ಡ್ರೈವ್: ಡಾಸ್‌ಬಾಕ್ಸ್ ಶುರುವಾಗುವುದು ತನ್ನದೇ ಝಡ್ ಡ್ರೈವ್‌ನಲ್ಲಿ. ಅಲ್ಲಿ ಫೈಲ್ ಬರೆಯಲು ಆಗುವುದಿಲ್ಲ. ಮೌಂಟ್ ಮಾಡಿದ ಮೇಲೆ ಸಿ ಡ್ರೈವ್‌ಗೆ ಹೋಗಿ ಬ್ಯಾಚ್ ಫೈಲ್ ಓಡಿಸಿ.

* ಹೊರಗಿನ ‘>’: ವಿಂಡೋಸ್‌ನಲ್ಲಿ ಡಾಸ್‌ಬಾಕ್ಸ್ ತೆರೆಯುವ ಆದೇಶದ ಕೊನೆಗೆ ಈ ಚಿಹ್ನೆ ಹಾಕಿದರೆ ಒಳಗಿನ ಪ್ರೋಗ್ರಾಂನ ಔಟ್‌ಪುಟ್ ಸಿಗುವುದಿಲ್ಲ. ಡಾಸ್‌ಬಾಕ್ಸ್ ಒಳಗೆ ಓಡುವ ಬ್ಯಾಚ್ ಫೈಲ್‌ನಲ್ಲೇ ಅದು ಇರಬೇಕು.

* ‘ಕಾಲ್’ ಇಲ್ಲದಿರುವುದು: ಒಂದು ಬ್ಯಾಚ್ ಫೈಲ್ ಇನ್ನೊಂದನ್ನು ಕರೆಯುವಾಗ ಹೆಸರಿನ ಮುಂದೆ ‘ಕಾಲ್’ ಆದೇಶ ಇಲ್ಲದಿದ್ದರೆ ಮೊದಲನೆಯದಕ್ಕೆ ಮರಳುವುದಿಲ್ಲ, ಉಳಿದ ಸಾಲುಗಳು ಓಡುವುದೇ ಇಲ್ಲ.

* ವಿಂಡೋ ತಕ್ಷಣ ಮುಚ್ಚುವುದು: ಕೊನೆಯ ‘ಎಕ್ಸಿಟ್’ ತೆಗೆದು ‘ಪಾಸ್’ ಹಾಕಿ. ಮೊದಲ ಸಾಲಿನ ‘ಎಕೋ ಆಫ್’ ತೆಗೆದರೆ ಯಾವ ಆದೇಶದಲ್ಲಿ ನಿಂತಿತು ಎಂಬುದು ತೆರೆಯ ಮೇಲೆ ಕಾಣುತ್ತದೆ.

* ಖಾಲಿ ಫೈಲ್: ನೇರವಾಗಿ ವಿಡಿಯೊ ಮೆಮೊರಿಗೆ ಬರೆಯುವ ಪ್ರೋಗ್ರಾಂಗಳ ಔಟ್‌ಪುಟ್ ಅನ್ನು ‘>’ ಹಿಡಿಯಲಾರದು. ಪ್ರೋಗ್ರಾಂನ ಮೆನುವಿನಲ್ಲಿ ವರದಿಯನ್ನು ಫೈಲ್‌ಗೆ ಉಳಿಸುವ ಆಯ್ಕೆ ಇದೆಯೇ ನೋಡಿ.

* ಪ್ರಿಂಟರ್‌ಗೆ ಹೋದ ವರದಿ: ಮೂಲ ಡಾಸ್‌ಬಾಕ್ಸ್ 0.74ರಲ್ಲಿ ಪ್ರಿಂಟರ್ ಸೌಲಭ್ಯವಿಲ್ಲ. ‘ಡಾಸ್‌ಬಾಕ್ಸ್ ಎಕ್ಸ್’ನಲ್ಲಿ ಪ್ರಿಂಟರ್ ಪೋರ್ಟ್‌ಗೆ ಹೋಗುವುದನ್ನು ಫೈಲ್‌ಗೆ ತಿರುಗಿಸಬಹುದು.

* ಕಾಣದ ಫೈಲ್: ವಿಂಡೋಸ್ ಕಡೆಯಿಂದ ಫೋಲ್ಡರ್‌ಗೆ ಹಾಕಿದ ಫೈಲ್ ಒಳಗೆ ಕಾಣದಿದ್ದರೆ ಕಂಟ್ರೋಲ್ ಮತ್ತು ಎಫ್4 ಒಟ್ಟಿಗೆ ಒತ್ತಿ. ಫೈಲ್ ಹೆಸರು ಎಂಟು ಅಕ್ಷರ ಮೀರದಿರಲಿ.

ಅಕ್ಷರಗಳು ವಿಚಿತ್ರವಾಗಿದ್ದರೆ?

ಕನ್ನಡ ಅಥವಾ ಮರಾಠಿಯ ಹೆಸರುಗಳು ನೋಟ್‌ಪ್ಯಾಡ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡರೆ ಬ್ಯಾಚ್ ಫೈಲ್‌ನ ತಪ್ಪೆನ್ನಲಾಗದು. ಡಾಸ್ ಕಾಲದಲ್ಲಿ ಭಾರತೀಯ ಭಾಷೆಗಳಿಗೆ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್, ‘ಇಸ್ಕಿ’ ಸಂಕೇತಗಳು ಬಳಕೆಯಲ್ಲಿದ್ದವು. ಇಂದಿನದು ಯೂನಿಕೋಡ್. ಅಂಥ ಫೈಲ್ ಅನ್ನು ನೋಟ್‌ಪ್ಯಾಡ್‌ನಲ್ಲಿ ತಿದ್ದಿ ಸೇವ್ ಮಾಡದೆ ಹಾಗೆಯೇ ಇಟ್ಟು, ನಕಲನ್ನು ಯೂನಿಕೋಡ್‌ಗೆ ಪರಿವರ್ತಿಸಿ.

ಯಾವುದೂ ಫಲಿಸದಿದ್ದರೆ

ಫಾಕ್ಸ್‌ಪ್ರೋ, ಡಿಬೇಸ್‌ನಲ್ಲಿ ಮಾಡಿದ ಪ್ರೋಗ್ರಾಂಗಳ ಡೇಟಾ ಸಾಮಾನ್ಯವಾಗಿ ಡಿಬಿಎಫ್ ಫೈಲ್‌ಗಳಲ್ಲಿರುತ್ತದೆ. ಇವುಗಳನ್ನು ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ನೇರವಾಗಿ ತೆರೆಯಬಹುದು. ಬ್ಯಾಚ್ ಫೈಲ್ ಕೈಕೊಟ್ಟರೂ ಸದಸ್ಯರ ಪಟ್ಟಿ, ಬಾಕಿ ಲೆಕ್ಕ ಕೈಗೆ ಸಿಗುತ್ತದೆ. ಸಿಕ್ಕ ಅಂಕಿಗಳನ್ನು ಹಳೆಯ ಮುದ್ರಿತ ವರದಿಯೊಂದಿಗೆ ತಾಳೆ ನೋಡುವವರೆಗೆ ಹಳೆಯ ಕಂಪ್ಯೂಟರ್ ಅನ್ನು ಗುಜರಿಗೆ ಹಾಕಬೇಡಿ.