ಮೂಗು ಕಟ್ಟುವಿಕೆ: ನಂದಿಯ ನೀಲಗಿರಿ, ಶಿಡ್ಲಘಟ್ಟದ ರೇಷ್ಮೆ

ಮೂಗು ಕಟ್ಟುವುದೆಂದರೆ ಸಿಂಬಳ ತುಂಬಿಕೊಳ್ಳುವುದೆಂಬ ಗ್ರಹಿಕೆ ವ್ಯಾಪಕವಾಗಿದ್ದರೂ, ಉಸಿರಿನ ದಾರಿಯನ್ನು ಬಹುಪಾಲು ಕಿರಿದುಗೊಳಿಸುವುದು ಟರ್ಬಿನೇಟ್ ಎನ್ನಲಾಗುವ, ಮೂಗಿನೊಳಗೆ ಸುರುಳಿಯಾಗಿ ಚಾಚಿದ ಮೂಳೆಗಳನ್ನು ಹೊದ್ದಿರುವ, ರಕ್ತನಾಳಗಳು ದಟ್ಟವಾಗಿರುವ ಮೃದುಪದರದ ಊತ. ಆರೋಗ್ಯವಂತರಲ್ಲಿಯೂ ಈ ಪದರ ಕೆಲವು ಗಂಟೆಗಳಿಗೊಮ್ಮೆ ಒಂದು ಹೊಳ್ಳೆಯಲ್ಲಿ ಉಬ್ಬಿ ಇನ್ನೊಂದರಲ್ಲಿ ಇಳಿಯುತ್ತದೆ. ಜರ್ಮನಿಯ ವೈದ್ಯ ರಿಚರ್ಡ್ ಕೈಸರ್ 1895ರಲ್ಲಿ ವಿವರಿಸಿದ ಈ ಸರದಿಯನ್ನು, ಉಸಿರಿನ ಹರಿವನ್ನು ಕುರಿತ ಯೋಗಪರಂಪರೆಯ ಸ್ವರಶಾಸ್ತ್ರವು ಇಡಾ-ಪಿಂಗಳಾ ಎಂಬ ತನ್ನದೇ ಪರಿಭಾಷೆಯಲ್ಲಿ ಗುರುತಿಸಿತ್ತು.

ಊತ ಇಳಿಯುವುದು ಬೇರೆ, ಇಳಿದಂತೆ ಅನ್ನಿಸುವುದು ಬೇರೆ. ಟಿಪ್ಪು ಸುಲ್ತಾನನು 1790ರ ಸುಮಾರಿಗೆ ಚಿಕ್ಕಬಳ್ಳಾಪುರದ ಸಮೀಪದ ನಂದಿಬೆಟ್ಟದ ತೋಟದಲ್ಲಿ ನೆಡಿಸಿದನೆಂದು ಅರಣ್ಯಶಾಸ್ತ್ರದ ಗ್ರಂಥಗಳು ಹೇಳುವ ನೀಲಗಿರಿಯ ಎಣ್ಣೆ, ಕರ್ಪೂರ ಮತ್ತು ಮೆಂಥಾಲ್‌ಗಳ ಆವಿಯನ್ನು ಕುರಿತ 1983ರ ಬ್ರಿಟಿಷ್ ಪ್ರಯೋಗವೊಂದರಲ್ಲಿ, ಮೂಸಿದವರಿಗೆ ಮೂಗು ತೆರೆದಂತೆ ತೋರಿತಾದರೂ, ಉಪಕರಣದಿಂದ ಅಳೆದಾಗ ಗಾಳಿಗೆ ಇದ್ದ ತಡೆ ಕಡಿಮೆಯಾಗಿರಲಿಲ್ಲ. ಈ ದ್ರವ್ಯಗಳು ತಂಪನ್ನು ಅರಿಯುವ ನರಗಳನ್ನು ಕೆರಳಿಸುತ್ತವೆ, ಅಷ್ಟೆ. ಹಾಗೆಂದು ಮುಸುಕು ಹೊದ್ದು ಆವಿ ತೆಗೆದುಕೊಳ್ಳುವ ರೂಢಿಯನ್ನು ಹಳಿಯಬೇಕಿಲ್ಲ. ನಿದ್ದೆ ಬರುವಷ್ಟು ನೆಮ್ಮದಿಯೂ ರೋಗಿಗೆ ಸಣ್ಣದಲ್ಲ. ಬಿಸಿನೀರು ಚೆಲ್ಲಿ ಮಕ್ಕಳಿಗೆ ಸುಟ್ಟ ಗಾಯವಾಗುವ ಅಪಾಯವನ್ನಂತೂ ಮರೆಯುವಂತಿಲ್ಲ.

ಇನ್ನು ಊತದ ಕಾರಣಗಳಲ್ಲಿ ಅಲರ್ಜಿಯೂ ಒಂದು. ಇದೇ ಸೀಮೆಯ ಗೌರಿಬಿದನೂರು, ಚಿಂತಾಮಣಿಗಳ ಬೀಳುಭೂಮಿಗಳಲ್ಲಿ ಮಳೆಯ ನಂತರ ಹೂಬಿಡುವ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡದ ಪರಾಗವು ಅಲರ್ಜಿಗೆ ಕಾರಣವಾಗುತ್ತದೆಂಬುದು ಸಿದ್ಧವಾದ ಸಂಗತಿ. ಶಿಡ್ಲಘಟ್ಟದ ಪ್ರಶ್ನೆ ಇದಕ್ಕಿಂತ ಜಟಿಲ. ಇಲ್ಲಿನ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಗೂಡು ಬೇಯಿಸುವಾಗ, ಎಳೆಗಳನ್ನು ಅಂಟಿಸಿರುವ ಸೆರಿಸಿನ್ ಎಂಬ ಗೋಂದಿನಂಥ ಪ್ರೋಟೀನೂ ಒಳಗಿನ ಹುಳುವಿನ ಅಂಶಗಳೂ ಆವಿಯ ಹನಿಗಳಲ್ಲಿ ಗಾಳಿಗೆ ಸೇರುತ್ತವೆ. ಕೆಲವರ ದೇಹ ಇವುಗಳ ವಿರುದ್ಧ ಪ್ರತಿಕಾಯಗಳನ್ನು ರೂಪಿಸಿಕೊಂಡ ಮೇಲೆ, ಪ್ರತಿ ಸಂಪರ್ಕದಲ್ಲೂ ಮೂಗಿನ ಪದರ ಉಬ್ಬುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಸಹಲೇಖಕರಾಗಿದ್ದ 1985ರ ಅಧ್ಯಯನವು ಫಿಲೇಚರ್, ಅಂದರೆ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳ ಕಾರ್ಮಿಕರಲ್ಲಿ ವೃತ್ತಿಜನ್ಯ ಅಸ್ತಮಾವನ್ನು ದಾಖಲಿಸಿತು. ಇಂಥ ಅಸ್ತಮಾಕ್ಕೆ ಮುನ್ನ ಎಷ್ಟೋ ವೇಳೆ ಮೂಗಿನ ತೊಂದರೆಯೇ ಕಾಣಿಸಿಕೊಳ್ಳುವುದರಿಂದ, ಕಟ್ಟಿದ ಮೂಗನ್ನು ಬರಿಯ ಶೀತವೆಂದು ತಳ್ಳಿಹಾಕುವುದು ಸಾಧುವಲ್ಲ. ಕೆಲಸಕ್ಕೆ ರಜೆಯಿದ್ದಾಗ ಮೂಗು ತೆರೆಯುತ್ತದೆಯೇ ಎಂಬ ಪ್ರಶ್ನೆ ರೋಗನಿರ್ಣಯದ ಮೊದಲ ಸುಳಿವಾದರೂ, ಮನೆಗೆ ಹೊಂದಿಕೊಂಡೇ ಬಿಚ್ಚಾಣಿಕೆ ನಡೆಯುವಲ್ಲಿ ಆ ಸುಳಿವೂ ಮಸುಕಾಗುತ್ತದೆ.

ಶಮನೋಪಾಯಗಳಲ್ಲಿ, ಕುದಿಸಿ ಆರಿಸಿದ ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು ಬೆರೆಸಿ ಮೂಗು ತೊಳೆಯುವುದು ಅಲರ್ಜಿಕಾರಕಗಳನ್ನು ಹೊರಹಾಕಲು ನೆರವಾಗುತ್ತದೆ. ಕ್ಸೈಲೋಮೆಟಜೋಲಿನ್‌ನಂಥ ಹನಿಗಳು ರಕ್ತನಾಳಗಳನ್ನು ಕುಗ್ಗಿಸಿ ದಾರಿಯನ್ನು ನಿಜವಾಗಿಯೂ ತೆರೆಯುತ್ತವೆ. ಆದರೆ ಐದಾರು ದಿನ ಮೀರಿದರೆ ಅವೇ ಮರು-ಊತಕ್ಕೆ ಕಾರಣವಾಗಬಹುದು. ಅಲರ್ಜಿಗೆ ವೈದ್ಯರು ಸೂಚಿಸುವ ಸ್ಟೀರಾಯ್ಡ್ ಸ್ಪ್ರೇ ನಿಧಾನವಾಗಿ, ಕೆಲವು ದಿನಗಳ ಸತತ ಬಳಕೆಯ ನಂತರ ಫಲ ಕೊಡುತ್ತದೆ. ಬೇಯಿಸುವ ಜಾಗದ ಆವಿಯನ್ನು ಹೊರಗೆಳೆಯುವ ಫ್ಯಾನಿಲ್ಲದ ಕೋಣೆಯಲ್ಲಾದರೋ, ರಾತ್ರಿ ನೀಲಗಿರಿಯ ಆವಿಯಿಂದ ಹಗುರಾದಂತೆ ತೋರಿದ ಮೂಗು ಬೆಳಗ್ಗೆ ಗೂಡಿನ ಆವಿಗೆ ಮತ್ತೆ ಕಟ್ಟಿಕೊಳ್ಳುತ್ತದೆ.